ಬಣ್ಣ ಅಳಿದ ಹೆಬ್ಬಾವಿನ ಗುರುತು

ಸಾಕುಹಾವುಗಳ ಲೋಕದಲ್ಲಿ ಹೆಸರಾದ ಹಳದಿ-ಬಿಳಿ ಹೆಬ್ಬಾವಿಗೆ ಆ ರೂಪ ಬರುವುದು ವರ್ಣಹೀನತೆಯಿಂದ, ಎಂದರೆ ಕಪ್ಪು-ಕಂದು ಛಾಯೆ ಕೊಡುವ ಮೆಲನಿನ್ ಹುಟ್ಟಿನಿಂದಲೇ ಇಲ್ಲದಿರುವುದರಿಂದ. ಹೀಗಾಗಿ ಅದು ಭಾರತದ್ದೋ ಬರ್ಮಾದ್ದೋ ಎಂಬುದನ್ನು ಮೈಬಣ್ಣವೊಂದನ್ನೇ ನೋಡಿ ಹೇಳುವುದು ಕಷ್ಟ. ಹುರುಪೆಗಳನ್ನು ಓದುವ ವಿದ್ಯೆಯ ಸೊಗಸು ಇಲ್ಲಿಯೇ ಕಾಣುತ್ತದೆ. ಭಾರತದ ಹೆಬ್ಬಾವಿನಲ್ಲಿ ಮೇಲ್ದುಟಿಯ ಅಂಚಿನ ಹುರುಪೆಗಳ ಪೈಕಿ ಆರನೆಯದೋ ಏಳನೆಯದೋ ನೇರವಾಗಿ ಕಣ್ಣಿಗೆ ತಾಗಿಕೊಂಡಿದ್ದರೆ, ಬರ್ಮಾದ್ದರಲ್ಲಿ ಸಣ್ಣ ಹುರುಪೆಗಳ ಇನ್ನೊಂದು ಸಾಲು ನಡುವೆ ಬಂದು ತುಟಿಯನ್ನೂ ಕಣ್ಣನ್ನೂ ಬೇರ್ಪಡಿಸುತ್ತದೆ. ಬಣ್ಣ ಅಳಿದರೂ ಈ ಜೋಡಣೆ ಅಳಿಯದೆ ಉಳಿಯುವುದು ನಿಜಕ್ಕೂ ಬೆರಗಿನ ಸಂಗತಿ.

1758ರಲ್ಲಿ ಲಿನೇಯಸ್ ಮತ್ತು 1820ರಲ್ಲಿ ಕೂಲ್ ಹೆಸರಿಟ್ಟ ಇವೆರಡನ್ನೂ ಬಹುಕಾಲ ಉಪಪ್ರಭೇದಗಳೆಂದು, ಎಂದರೆ ಒಂದೇ ಪ್ರಭೇದದ ಪ್ರಾದೇಶಿಕ ಕವಲುಗಳೆಂದು ಎಣಿಸಲಾಗುತ್ತಿದ್ದು, 2009ರಲ್ಲಿ ಅವನ್ನು ಪ್ರತ್ಯೇಕ ಪ್ರಭೇದಗಳೆಂದು ವಿಂಗಡಿಸಲಾಯಿತು. ನಾಗಪುರದ ಸುತ್ತಲಿನ ಕಾಡುಗಳಲ್ಲಿ ಸಹಜವಾಗಿ ಬದುಕುವುದು ಭಾರತದ ಹೆಬ್ಬಾವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಅದನ್ನು ಮನೆಯಲ್ಲಿ ಸಾಕುವಂತಿಲ್ಲವಾದ್ದರಿಂದ, ಕಣ್ಣಿನ ಕೆಳಗಿನ ಆ ಪುಟ್ಟ ಸಾಲಿನ ಗುರುತು ಅರಣ್ಯ ಸಿಬ್ಬಂದಿಗೂ ಬೇಕಾದದ್ದೇ.