ಹತ್ತೊಂಬತ್ತರ ‘ಕ್ಯಾಂಡಿ’

ಟ್ರಂಪೆಟ್ ತುಟಿಯನ್ನು ಬೇಗ ಸೋಲಿಸುವ ವಾದ್ಯ. 1950ರ ದಶಕದ ಹಾರ್ಡ್ ಬಾಪ್ ಜಾಝ್ ತಂಡಗಳಲ್ಲಿ ಅದರ ಪಕ್ಕಕ್ಕೆ ಸಾಮಾನ್ಯವಾಗಿ ಒಂದು ಸ್ಯಾಕ್ಸೊಫೋನ್ ಇರುತ್ತಿತ್ತು. ಒಬ್ಬ ನುಡಿಸುವಾಗ ಇನ್ನೊಬ್ಬನಿಗೆ ಸುಧಾರಿಸಿಕೊಳ್ಳಲು ಬಿಡುವು. ಟ್ರಂಪೆಟ್ ವಾದಕ ಲೀ ಮಾರ್ಗನ್‌ನ ‘ಕ್ಯಾಂಡಿ’ ಆಲ್ಬಮ್‌ನಲ್ಲಿ ಆ ಆಸರೆಯಿಲ್ಲ. ಪಿಯಾನೊಗೆ ಸಾನಿ ಕ್ಲಾರ್ಕ್, ಬಾಸ್‌ಗೆ ಡಗ್ ವಾಟ್ಕಿನ್ಸ್, ಡ್ರಮ್ಸ್‌ಗೆ ಆರ್ಟ್ ಟೇಲರ್. ಮುಂದೆ ನಿಂತದ್ದು ಫಿಲಡೆಲ್ಫಿಯಾದ ಹತ್ತೊಂಬತ್ತರ ಹುಡುಗ, ಒಬ್ಬನೇ.

1957ರ ನವೆಂಬರ್ ಮತ್ತು 1958ರ ಫೆಬ್ರುವರಿಯಲ್ಲಿ, ಬ್ಲೂ ನೋಟ್ ಕಂಪನಿಗಾಗಿ, ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿ ಆದ ಧ್ವನಿಮುದ್ರಣವಿದು. ಹಗಲು ಜನರ ಕಣ್ಣು ಪರೀಕ್ಷಿಸುತ್ತಿದ್ದ ಧ್ವನಿಮುದ್ರಕ ರೂಡಿ ವ್ಯಾನ್ ಗೆಲ್ಡರ್ ಅಪ್ಪ ಅಮ್ಮನ ಮನೆಯ ನಡುಮನೆಯನ್ನೇ ಸ್ಟುಡಿಯೊ ಮಾಡಿಕೊಂಡಿದ್ದ. ನಡುಮನೆಯ ಸಲಿಗೆ ಈ ಸಂಗೀತಕ್ಕೂ ಹತ್ತಿದೆ.

‘ಸಿನ್ಸ್ ಐ ಫೆಲ್ ಫಾರ್ ಯೂ’ ಕೇಳಬೇಕು. ವಿಳಂಬದಲ್ಲಿ ನಡೆಯುವ ಬ್ಲೂಸ್ ಛಾಯೆಯ ಹಾಡು. ವೇಗದ ನುಡಿಕಾರನಿಗೆ ವಿಳಂಬವೇ ಪರೀಕ್ಷೆ: ಎರಡು ಸ್ವರಗಳ ನಡುವಿನ ಜಾಗವನ್ನು ಏನು ಮಾಡುವುದು? ಮಾರ್ಗನ್ ಬಹಳಷ್ಟನ್ನು ಹಾಗೇ ಬಿಡುತ್ತಾನೆ. ಕ್ಲಾರ್ಕ್ ಅಲ್ಲಿ ಹೂಂಗುಟ್ಟಿದಷ್ಟೇ ಮೆಲ್ಲಗೆ ಒಂದೆರಡು ಸ್ವರ ಇಡುತ್ತಾನೆ. ಟ್ರಂಪೆಟ್ಟಿನ ಪಿಸ್ಟನ್ನನ್ನು ಪೂರ್ತಿ ಒತ್ತದೆ ಅರ್ಧಕ್ಕೇ ಹಿಡಿದರೆ ಸ್ವರ ಕಿವುಚಿದಂತಾಗುತ್ತದೆ. ಕಲಿಯುವವನಲ್ಲಿ ಅದು ತಪ್ಪು. ಮಾರ್ಗನ್‌ನಲ್ಲಿ ಅದೇ ಜಾರು, ಅದೇ ಗಮಕ, ಕೆಲವೊಮ್ಮೆ ತುಂಟತನ. ಮಾತಾಡುತ್ತಾ ಮಾತಾಡುತ್ತಾ ಹುಬ್ಬು ಹಾರಿಸಿದ ಹಾಗೆ.

ಈ ಧ್ವನಿಮುದ್ರಣ ಶುರುವಾಗುವ ಎರಡು ತಿಂಗಳ ಹಿಂದಷ್ಟೇ ಅವನು ಜಾನ್ ಕೋಲ್ಟ್ರೇನ್‌ನ ‘ಬ್ಲೂ ಟ್ರೇನ್’ ಆಲ್ಬಮ್‌ನಲ್ಲಿ ಸ್ಯಾಕ್ಸೊಫೋನ್, ಟ್ರಾಂಬೋನ್‌ಗಳ ಜೊತೆ ಭರ್ಜರಿಯಾಗಿ ಮೊಳಗಿದ್ದ. ಆ ಬಿರುಸು ಬೇಕಾದವರಿಗೆ ಇಲ್ಲಿ ಜಿಮ್ಮಿ ಹೀತ್ ರಚಿಸಿದ ‘ಸಿ.ಟಿ.ಎ.’ ಇದೆ. ನನಗಂತೂ ಅದು ಊಟದ ನಡುವಿನ ಖಾರದಷ್ಟೇ.

ಮಾರ್ಗನ್‌ನಿಗೆ ದೊಡ್ಡ ಹೆಸರು ತಂದದ್ದು 1963ರ ಕೊನೆಯಲ್ಲಿ ಧ್ವನಿಮುದ್ರಿಸಿದ ‘ದ ಸೈಡ್‌ವೈಂಡರ್’. ಕುಣಿಸುವ ಸಂಗೀತ, ಅಡ್ಡಿಯಿಲ್ಲ. ಆದರೆ ಅಲ್ಲಿ ಅವನು ಜನರ ನಡುವೆ ಇದ್ದಾನೆ. ಇಲ್ಲಿ ‘ಆಲ್ ದ ವೇ’ ನುಡಿಸುವಾಗ, ಫ್ರಾಂಕ್ ಸಿನಾಟ್ರಾ ಹಾಡಿ ಆಗಷ್ಟೇ ಮನೆಮಾತಾಗಿದ್ದ ರಾಗವನ್ನು, ಹೆಚ್ಚು ಅಲಂಕರಿಸದೆ, ಯಾರೋ ಒಬ್ಬರ ಕಿವಿಯ ಹತ್ತಿರ ಹೇಳುತ್ತಿದ್ದಾನೆ.