ನಾಲ್ಕು ಕೋರ್ ಇದ್ದೂ ಮೂರು ಪಟ್ಟು ವೇಗ ಯಾಕಿಲ್ಲ?

ಮಂಡ್ಯ ಜಿಲ್ಲೆಯ ಹಲಗೂರಿನಿಂದ ಎಂಜಿನಿಯರಿಂಗ್ ಓದಲು ಹೋಗುವ ಮಕ್ಕಳ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಈಗ ಲೆಕ್ಕ ಮಾಡುವ ನಾಲ್ಕು ಕೋರುಗಳಾದರೂ ಸಾಮಾನ್ಯವಾಗಿ ಇರುತ್ತವೆ. ಅವರು ಮೊದಲ ವರ್ಷ ಬರೆಯುವ ಸಿ ಪ್ರೋಗ್ರಾಂ ಮಾತ್ರ ಒಂದೇ ಕೋರನ್ನು ದುಡಿಸುತ್ತದೆ. ಉಳಿದವುಗಳಿಗೂ ಕೆಲಸ ಹಂಚುವುದನ್ನು ಕಲಿಸಲೆಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2022ರ ಸ್ಕೀಮಿನ ಏಳನೇ ಸೆಮಿಸ್ಟರಿನಲ್ಲಿ ‘ಪ್ಯಾರಲಲ್ ಕಂಪ್ಯೂಟಿಂಗ್’ ವಿಷಯವನ್ನು ಲ್ಯಾಬ್ ಸಮೇತ ಇಟ್ಟಿದೆ. ಪಠ್ಯಪುಸ್ತಕ ಪೀಟರ್ ಪಚೆಕೊ ಮತ್ತು ಮ್ಯಾಥ್ಯೂ ಮಲೆನ್ಸೆಕ್ ಅವರದು. ಪುಸ್ತಕದ ಆಯ್ಕೆಗೆ ನನ್ನ ಒಪ್ಪಿಗೆ ಇದೆ. ಮುಖ್ಯ ತಕರಾರು ಇರುವುದು ಲ್ಯಾಬಿನಲ್ಲಿ ಮಾಡಿಸುವ ಪ್ರೋಗ್ರಾಮುಗಳ ಪಟ್ಟಿಯ ಬಗ್ಗೆ.

ಈ ವಿದ್ಯೆ ನಮಗೆ ಹೊಸದೇನಲ್ಲ. ಕನಕಪುರದ ರಸ್ತೆ ಹಿಡಿದು ಹೋದರೆ ಸಿಗುವ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ 1986ರಲ್ಲೇ ಇಂಟೆಲ್ 8086 ಪ್ರೊಸೆಸರುಗಳನ್ನು ಜೋಡಿಸಿ ‘ಫ್ಲೋಸಾಲ್ವರ್’ ಎಂಬ ಪ್ಯಾರಲಲ್ ಕಂಪ್ಯೂಟರ್ ಕಟ್ಟಿದ್ದರು. 2008ರಲ್ಲಿ ಬಂದ ಇಂಟೆಲ್‌ನ ಆರು ಕೋರಿನ ಜಿಯಾನ್ ‘ಡನ್ನಿಂಗ್ಟನ್’ ಚಿಪ್ಪನ್ನು ರೂಪಿಸಿದವರೂ ಬೆಂಗಳೂರಿನ ತಂಡದವರೇ. ಕಟ್ಟುವ ಕೈ ಇಲ್ಲೇ ಇದ್ದಾಗ ಕಲಿಸುವ ಕ್ರಮ ಇನ್ನಷ್ಟು ಗಟ್ಟಿಯಾಗಿರಬೇಕು ಎಂದು ಬಯಸುವುದು ಅತಿಯಾಸೆಯಲ್ಲ.

ಪಚೆಕೊ ಮೊದಲ ಅಧ್ಯಾಯದಲ್ಲೇ ಒಬ್ಬ ಪ್ರೊಫೆಸರ್, ನಾಲ್ವರು ಸಹಾಯಕರು, ನೂರು ಉತ್ತರ ಪತ್ರಿಕೆ, ಐದು ಪ್ರಶ್ನೆಗಳನ್ನು ಮುಂದಿಡುತ್ತಾರೆ. ಒಬ್ಬೊಬ್ಬರು ಇಪ್ಪತ್ತು ಪತ್ರಿಕೆ ತೆಗೆದುಕೊಂಡರೆ ಒಂದು ಬಗೆಯ ಹಂಚಿಕೆ, ಒಬ್ಬೊಬ್ಬರು ಒಂದೊಂದು ಪ್ರಶ್ನೆ ನೋಡಿದರೆ ಇನ್ನೊಂದು ಬಗೆ. ಕೋಡ್ ಬರೆಯುವ ಮೊದಲೇ ಓದುಗನ ತಲೆ ಹಂಚಿಕೆಯ ಕಡೆ ತಿರುಗುತ್ತದೆ. ಮುಂದೆ ಬರುವ ಉದಾಹರಣೆಗಳಲ್ಲೂ ವೇಗ ಏಕೆ ಬರಲಿಲ್ಲ ಎಂಬುದನ್ನು ಅವರು ಮುಚ್ಚಿಡುವುದಿಲ್ಲ. ಪಠ್ಯಪುಸ್ತಕಗಳಲ್ಲಿ ಅಪರೂಪವಾದ ಗುಣ ಇದು.

ಲ್ಯಾಬಿಗೆ ಬರೋಣ. ಪಟ್ಟಿಯಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು 1ರಿಂದ ಎನ್‌ವರೆಗಿನ ಅವಿಭಾಜ್ಯ ಸಂಖ್ಯೆಗಳನ್ನು ಓಪನ್‌ಎಂಪಿಯ, ಅಂದರೆ ಒಂದೇ ಮೆಮೊರಿಯ ಕೋರುಗಳಿಗೆ ಕೆಲಸ ಹಂಚುವ ಸಲಕರಣೆಯ, ‘ಪ್ಯಾರಲಲ್ ಫಾರ್’ ಬಳಸಿ ಹುಡುಕಿ, ಒಂದೇ ಕೋರಿನ ಓಟ ಮತ್ತು ಹಂಚಿದ ಓಟ ಎರಡರ ಸಮಯವನ್ನೂ ದಾಖಲಿಸುವ ಪ್ರೋಗ್ರಾಂ. ಸಂಖ್ಯೆಗಳನ್ನು ಒಂದೊಂದು ಕೋರಿನಲ್ಲಿ ಓಡುವ ನಾಲ್ಕು ಕೆಲಸದೆಳೆಗಳಿಗೆ, ಅಂದರೆ ಥ್ರೆಡ್ಡುಗಳಿಗೆ, ಸಾಲಾಗಿ ಸಮ ಪಾಲು ಮಾಡಿದರೆ ಎಣಿಕೆಯಲ್ಲಿ ಪಾಲು ಸಮ, ದುಡಿಮೆಯಲ್ಲಿ ಅಲ್ಲ. ವರ್ಗಮೂಲದವರೆಗೆ ಭಾಗಿಸಿ ನೋಡುವ ವಿಧಾನದಲ್ಲಿ ದೊಡ್ಡ ಸಂಖ್ಯೆಗೆ ಹೆಚ್ಚು ಹೊತ್ತು ಬೇಕು. ಅಂದಾಜು ಲೆಕ್ಕ ಹಾಕಿದರೆ ಮೊದಲ ಥ್ರೆಡ್ಡಿನ ಪಾಲಿಗೆ ಒಟ್ಟು ಕೆಲಸದ ಎಂಟನೆಯ ಒಂದು ಭಾಗ, ಕೊನೆಯದರ ಪಾಲಿಗೆ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಕೊನೆಯದು ಮುಗಿಸುವವರೆಗೆ ಉಳಿದ ಮೂರೂ ಕಾಯಬೇಕು. ವೇಗ ಮೂರು ಪಟ್ಟನ್ನೂ ಮುಟ್ಟುವುದಿಲ್ಲ. ಹಂಚಿಕೆಯನ್ನು ‘ಡೈನಮಿಕ್’ ಮಾಡಿ, ತುಂಡು ತುಂಡಾಗಿ ಬಿಡುವಾದ ಥ್ರೆಡ್ಡಿಗೆ ಕೊಟ್ಟರೆ ವೇಗ ಮೇಲೇರುತ್ತದೆ. ಪಾಠವೆಲ್ಲ ಇಲ್ಲಿಯೇ ಇದೆ. ಆದರೆ ಪಟ್ಟಿ ಕೇಳುವುದು ಎರಡು ಸಮಯಗಳನ್ನು ಮಾತ್ರ. ಅಂತರ ಏಕೆ ಇಷ್ಟೇ ಎಂದು ಕೇಳುವುದಿಲ್ಲ. ಆ ಪ್ರಶ್ನೆ ಇಲ್ಲದಿದ್ದರೆ ವಿದ್ಯಾರ್ಥಿ ಬರೆದ ಎರಡು ಅಂಕಿ ರೆಕಾರ್ಡ್ ಪುಸ್ತಕದಲ್ಲೇ ಉಳಿದುಬಿಡುತ್ತವೆ.

ಕೆಲಸದ ಬಿಡಿ ತುಂಡುಗಳನ್ನು ಸರದಿಗಿಡುವ ‘ಟಾಸ್ಕ್’ ಬಳಸಿ ಫಿಬೊನಾಚಿ ಸಂಖ್ಯೆ ಲೆಕ್ಕ ಮಾಡುವುದು ನನ್ನ ದೃಷ್ಟಿಯಲ್ಲಿ ದುರ್ಬಲ ಆಯ್ಕೆ. ಪ್ರತಿ ಕರೆಗೂ ಒಂದು ಟಾಸ್ಕ್ ಹುಟ್ಟಿಸಿದರೆ, ಒಂದೇ ಕೂಡಿಕೆಗಾಗಿ ಅದರ ನೂರಾರು ಪಟ್ಟು ಸಮಯ ಏರ್ಪಾಟಿಗೇ ಹೋಗುತ್ತದೆ. ಒಂದೇ ಕೋರಿನ ಸರಳ ಲೂಪ್ ಅದನ್ನು ಸುಲಭವಾಗಿ ಸೋಲಿಸುತ್ತದೆ. ಸೋಲಿಸುವುದನ್ನು ತೋರಿಸಲೆಂದೇ ಇಟ್ಟಿದ್ದರೆ ಒಳ್ಳೆಯ ಪಾಠವಾಗುತ್ತಿತ್ತು. ಆದರೆ ಈ ಪ್ರೋಗ್ರಾಮಿಗೆ ಸಮಯ ಅಳೆಯಿರಿ ಎಂಬ ಸೂಚನೆಯೇ ಇಲ್ಲ.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಪ್ರೊಸೆಸ್ಸುಗಳ ನಡುವೆ ಸಂದೇಶ ಸಾಗಿಸುವ ಎಂಪಿಐನ ಡೆಡ್‌ಲಾಕಿಗೆ ಪಟ್ಟಿಯಲ್ಲಿ ಒಂದು ಪ್ರೋಗ್ರಾಂ ಇದೆ, ರೇಸ್ ಕಂಡಿಷನ್ನಿಗೆಂದು ಇಲ್ಲ. ಡೆಡ್‌ಲಾಕ್ ಆದರೆ ಪ್ರೊಸೆಸ್ಸುಗಳು ಒಂದಕ್ಕೊಂದು ಕಾಯುತ್ತ ಪ್ರೋಗ್ರಾಂ ನಿಂತುಹೋಗುತ್ತದೆ, ಎಲ್ಲರಿಗೂ ಕಾಣುತ್ತದೆ. ರೇಸ್ ಕಂಡಿಷನ್ನಿನಲ್ಲಿ, ಅಂದರೆ ಒಂದೇ ಎಣಿಕೆಯನ್ನು ಎರಡು ಥ್ರೆಡ್ಡುಗಳು ಒಟ್ಟಿಗೆ ಓದಿ, ಒಂದೊಂದು ಕೂಡಿಸಿ, ಒಂದರ ಮೇಲೊಂದು ಬರೆದಾಗ ಮಾತ್ರ ಯಾವ ಸುಳಿವೂ ಇಲ್ಲದೆ ಉತ್ತರ ತಪ್ಪುತ್ತದೆ; ಒಮ್ಮೊಮ್ಮೆ ಸರಿಯಾಗಿಯೂ ಬರುತ್ತದೆ. ಬ್ಯಾಂಕು, ಟಿಕೆಟ್ ಬುಕಿಂಗಿನ ತಂತ್ರಾಂಶ ಬರೆಯಲು ಹೋಗುವವರು ಇದನ್ನು ಕಣ್ಣಾರೆ ನೋಡಲೇಬೇಕು. ಮೊದಲು ತಪ್ಪು ಉತ್ತರ, ಆಮೇಲೆ ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಬಿಡುವ ‘ಕ್ರಿಟಿಕಲ್’ ಹಾಕಿ ಸರಿಯಾದರೂ ನಿಧಾನವಾಗುವ ಉತ್ತರ, ಕೊನೆಗೆ ಥ್ರೆಡ್ಡುಗಳ ಬೇರೆ ಬೇರೆ ಎಣಿಕೆಗಳನ್ನು ಒಟ್ಟುಗೂಡಿಸುವ ‘ರಿಡಕ್ಷನ್’. ಈ ಮೂರು ಹೆಜ್ಜೆಗೆ ಹತ್ತಿಪ್ಪತ್ತು ಸಾಲಿನ ಕೋಡ್ ಸಾಕು. ಜಿಸಿಸಿ ಕಂಪೈಲರಿನಲ್ಲೇ ಓಪನ್‌ಎಂಪಿ ಇರುವುದರಿಂದ ಬೇರೆ ಖರ್ಚೂ ಇಲ್ಲ.

ಉತ್ತರ ಸರಿಯಾದ ಮೇಲೂ ವೇಗಕ್ಕೆ ಒಂದು ಮಿತಿ ಇದ್ದೇ ಇದೆ: ಕೆಲಸದಲ್ಲಿ ಹಂಚಲಾಗದ ಭಾಗ. ಕಂಪ್ಯೂಟರ್ ವಿನ್ಯಾಸಕ ಆ್ಯಮ್ಡಾಲ್ 1967ರಲ್ಲಿ ಹೇಳಿದ ಈ ಮಿತಿಯನ್ನು ವಿದ್ಯಾರ್ಥಿಗಳು ಸೂತ್ರವಾಗಿ ಬಾಯಿಪಾಠ ಮಾಡುತ್ತಾರೆ. ಮಂಡ್ಯದ ಕಡೆಯವರಿಗೆ ಅದನ್ನು ಆಲೆಮನೆಯಲ್ಲಿ ನಿಂತೇ ಹೇಳಬಹುದು: ಕಬ್ಬು ಕಡಿಯುವ ಆಳುಗಳನ್ನು ಎಷ್ಟು ಹೆಚ್ಚಿಸಿದರೂ ಒಲೆಯ ಮೇಲಿನ ಕೊಪ್ಪರಿಗೆ ಒಂದೇ ಆದರೆ ಬೆಲ್ಲ ಇಳಿಯುವುದು ಅದರ ಗತಿಯಲ್ಲೇ. ಕೆಲಸದ ಶೇಕಡಾ 10 ಭಾಗ ಹಂಚಲಾಗದ್ದಾದರೆ ನಾಲ್ಕು ಕೋರಿನಲ್ಲಿ ಸಿಗುವ ವೇಗ ಸುಮಾರು 3.1 ಪಟ್ಟು, ಎಂಟರಲ್ಲಿ 4.7; ಸಾವಿರ ಕೋರು ಜೋಡಿಸಿದರೂ ಹತ್ತನ್ನು ಮುಟ್ಟದು.

ಪುಸ್ತಕದ ಬಗ್ಗೆಯೂ ಒಂದು ತಕರಾರಿದೆ: ಪಚೆಕೊ ಪುಸ್ತಕ ಎಂಪಿಐಯನ್ನು ಓಪನ್‌ಎಂಪಿಗಿಂತ ಮೊದಲು ಕಲಿಸುತ್ತದೆ. ಒಂದೇ ಲ್ಯಾಪ್‌ಟಾಪ್ ಇರುವ ಹುಡುಗಿಗೆ ಈ ಕ್ರಮ ತಲೆಕೆಳಗು. ಅವಳ ಕೋರುಗಳು ಒಂದೇ ಮೆಮೊರಿ ಹಂಚಿಕೊಂಡಿರುವಾಗ ಪ್ರೊಸೆಸ್ಸುಗಳ ನಡುವೆ ಸಂದೇಶ ಕಳಿಸುವ ಅಗತ್ಯವೇ ಅವಳಿಗೆ ಕಾಣುವುದಿಲ್ಲ. ಓಪನ್‌ಎಂಪಿಯಲ್ಲಿ ಕೈ ಕುದುರಿದ ಮೇಲೆ ಎಂಪಿಐ ಬರಲಿ, ಅದೂ ಒಂದೇ ಯಂತ್ರದಲ್ಲಿ ಅಲ್ಲ. ಕಾಲೇಜಿನ ಲ್ಯಾಬಿನಲ್ಲಿ ಕಂಪ್ಯೂಟರುಗಳೆಲ್ಲ ಹೇಗೂ ಒಂದೇ ನೆಟ್‌ವರ್ಕಿಗೆ ಸೇರಿರುತ್ತವೆ. ಎರಡು ಯಂತ್ರಗಳ ಹೆಸರು ಬರೆದ ಒಂದು ಸಣ್ಣ ಕಡತ ಕೊಟ್ಟು ಅದೇ ಪ್ರೋಗ್ರಾಮನ್ನು ಎರಡರಲ್ಲೂ ಓಡಿಸಿದರೆ, ಸಂದೇಶ ಕೇಬಲ್ ದಾಟಲು ತಗಲುವ ಹೊತ್ತು ಅಳತೆಯಲ್ಲಿ ಸಿಗುತ್ತದೆ, ದೊಡ್ಡ ಸಂದೇಶವನ್ನು ಒಂದೇ ಸಲ ಕಳಿಸುವುದು ಏಕೆ ಲಾಭ ಎಂಬುದೂ ಆ ಅಳತೆಯಿಂದಲೇ ತಿಳಿಯುತ್ತದೆ.