ಮುಂದಿನ ಕಾರ್ಡ್ ಯಾವುದು?

ಮೂವರು ಮಕ್ಕಳಿಗೆ 52ರಿಂದ 27 ಕಳೆಯಲು ಹೇಳಿದ್ದೀರಿ ಎನ್ನಿ. ಒಬ್ಬಳು 35 ಬರೆದಳು, ಇನ್ನೊಬ್ಬ 79, ಮತ್ತೊಬ್ಬ 24. ಕೆಂಪು ಪೆನ್ನಿಗೆ ಮೂವರೂ ಒಂದೇ: ಅಡ್ಡಗೆರೆ, ಸೊನ್ನೆ. ಆದರೆ 35 ಬರೆದವಳು ಬಿಡಿ ಸ್ಥಾನದಲ್ಲಿ ಏಳರಿಂದ ಎರಡು ಕಳೆದಿದ್ದಾಳೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಯಾರೋ ಹೇಳಿಕೊಟ್ಟಿದ್ದನ್ನು ಚಾಚೂತಪ್ಪದೆ ಪಾಲಿಸಿದ್ದಾಳೆ. 79ರ ಹುಡುಗ ಕೂಡಿದ್ದು ಸರಿಯಾಗಿಯೇ ಇದೆ, ಚಿಹ್ನೆ ನೋಡಿಲ್ಲ. ಮೂರನೆಯವನು ಬೆರಳೆಣಿಕೆಯಲ್ಲಿ ಒಂದನ್ನು ಜಾರಿಸಿದ್ದಾನೆ, ಅಷ್ಟೆ. ಹತ್ತರ ಕಡ್ಡಿಕಟ್ಟು ಬಿಚ್ಚಿ ತೋರಿಸಬೇಕಾದದ್ದು ಮೊದಲನೆಯವಳಿಗೆ ಮಾತ್ರ. ಈ ವ್ಯತ್ಯಾಸ ಮೇಷ್ಟ್ರ ಕಣ್ಣಿಗೆ ಬಿತ್ತೇ, ಮರುದಿನದ ಪಾಠ ಅದರಿಂದ ಬದಲಾಯಿತೇ? ನಮ್ಮ ಶಾಲೆಗಳ ಮೌಲ್ಯಮಾಪನವನ್ನು ನಾನು ಅಳೆಯುವುದು ಈ ಪ್ರಶ್ನೆಯಿಂದ.

ಈ ಅಳತೆಯಲ್ಲಿ ಕರ್ನಾಟಕ ಒಮ್ಮೆ ಬಹಳ ಮುಂದಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯನ್ನು ನಾವು ಹಾಡು, ಆಟ, ಬಣ್ಣದ ಕಾರ್ಡುಗಳ ಪದ್ಧತಿ ಎಂದಷ್ಟೇ ನೆನೆಯುತ್ತೇವೆ. ಅದರ ನಿಜವಾದ ಜಾಣ್ಮೆ ಕಲಿಕಾ ಏಣಿಯಲ್ಲಿತ್ತು. ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದ ಈ ಏಣಿಯಲ್ಲಿ ಮೌಲ್ಯಮಾಪನವೂ ಒಂದು ಮೆಟ್ಟಿಲು. ರ, ಗ, ಸ, ದ, ಅ ಕಲಿತ ಮಗು ಅರಸ, ಅಗಸ, ಸರ ಎಂದು ಓದಿ ತೋರಿಸುತ್ತದೆ. ಬಂದರೆ ಮುಂದಿನ ಮೈಲುಗಲ್ಲು. ಬಾರದಿದ್ದರೆ ಇನ್ನಷ್ಟು ಅಭ್ಯಾಸ, ಮತ್ತೆ ಅದೇ ಮೆಟ್ಟಿಲು. ಫೇಲು ಎಂಬ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಹಬ್ಬಕ್ಕೋ ಕೂಲಿಗೆ ಹೋದ ಅಪ್ಪ-ಅಮ್ಮನ ಜೊತೆಗೋ ಹದಿನೈದು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಯಾರು ಯಾವ ತಟ್ಟೆಗೆ (ನಲಿ-ಕಲಿಯಲ್ಲಿ ಗುಂಪಿಗೆ ತಟ್ಟೆ ಎನ್ನುತ್ತಾರೆ) ಕೂರಬೇಕು, ಯಾರಿಗೆ ಶಿಕ್ಷಕಿಯೇ ಬೇಕು, ಯಾರಿಗೆ ಗೆಳತಿ ಸಾಕು, ಯಾರು ಒಬ್ಬರೇ ಕಲಿಯಬಲ್ಲರು ಎಂಬುದನ್ನು ದಿನವೂ ತೀರ್ಮಾನಿಸಬೇಕಿತ್ತು. ಆ ತೀರ್ಮಾನವೇ ಮೌಲ್ಯಮಾಪನ.

ಹಾಗೆಂದು ನಲಿ-ಕಲಿಯನ್ನು ಹೊಗಳಿ ಕೈತೊಳೆದುಕೊಳ್ಳಲಾಗದು. ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಒಬ್ಬ ಶಿಕ್ಷಕಿಯ ಕೈಗೆ ಕೊಟ್ಟರೆ, ತಟ್ಟೆಯಿಂದ ತಟ್ಟೆಗೆ ಓಡುವುದರಲ್ಲೇ ಅವರ ಹೊತ್ತು ಮುಗಿಯುತ್ತದೆ. ತಪಾಸಣೆಯ ಹಿಂದಿನ ಸಂಜೆ ಒಂದೇ ಪೆನ್ನಿನಲ್ಲಿ ತುಂಬಿದ ಮಕ್ಕಳ ಪ್ರಗತಿ ನೋಟದ ಪಟ್ಟಿಯನ್ನು ಗುರುತಿಸಲು ಅಧಿಕಾರಿಯೇ ಆಗಬೇಕಿಲ್ಲ.

ನಿಜವಾದ ಕೊರತೆ ಕಾಣುವುದು ನಲಿ-ಕಲಿ ಮುಗಿದ ಮೇಲೆ, ನಾಲ್ಕನೇ ತರಗತಿಯಲ್ಲಿ. ಏಣಿ ಇಲ್ಲ, ಎಲ್ಲರಿಗೂ ಒಂದೇ ಪುಟ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿನ ತಿಳಿವಳಿಕೆಯನ್ನು, ತಿಳಿದದ್ದನ್ನು ಬಳಸುವ ಶಕ್ತಿಯನ್ನು ನಿರಂತರವಾಗಿ, ವ್ಯಾಪಕವಾಗಿ ಅಳೆಯಿರಿ ಎಂದಿತು. ನಮಗೆ ದಕ್ಕಿದ್ದು ನಾಲ್ಕು ಎಫ್‌ಎ, ಎರಡು ಎಸ್‌ಎ. ಎಸ್‌ಎ ಅಂದರೆ ಸಂಕಲನಾತ್ಮಕ ಮೌಲ್ಯಮಾಪನ, ಎಫ್‌ಎ ಅಂದರೆ ರೂಪಣಾತ್ಮಕ ಮೌಲ್ಯಮಾಪನ. ಎಫ್‌ಎ ಕಲಿಕೆ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಅದನ್ನು ತಿದ್ದಲು ನೆರವಾಗುವಂಥದ್ದು. ಹಸಿ ಮಡಕೆಯನ್ನು ತಟ್ಟಿ ಸರಿಮಾಡಬಹುದು, ಸುಟ್ಟ ಮೇಲೆ ಆಗದು. ನಮ್ಮಲ್ಲಿ ಎಫ್‌ಎ ಕೂಡ ಒಂದು ಪುಟ್ಟ ಪರೀಕ್ಷೆಯಾಯಿತು. ಪ್ರಾಜೆಕ್ಟಿಗೆ ಸ್ಟೇಷನರಿ ಅಂಗಡಿಯ ರೆಡಿಮೇಡ್ ಚಿತ್ರ, ಅಂಟಿಸಿದ್ದು ಅಮ್ಮ. ಅಂಕ ಶಿಕ್ಷಣ ಇಲಾಖೆಯ ಎಸ್‌ಎಟಿಎಸ್ ಪೋರ್ಟಲ್‌ಗೆ ಏರಿತೆಂದರೆ ಕೆಲಸ ಮುಗಿದಂತೆ. ಅಂಕ ತುಂಬಲು ಕಡೆಯ ದಿನಾಂಕ ಉಂಟು, ತಪ್ಪು ತಿದ್ದಲು ಇಲ್ಲ. ಶಿಕ್ಷಕರನ್ನು ಇದಕ್ಕೆ ಬೈಯುವುದು ಸುಲಭ. ಇಲಾಖೆ ಕೇಳುವುದೂ ಅಂಕವನ್ನೇ ತಾನೆ?

ಅಂಕವೂ ಇರಲಿ, ಟಿಪ್ಪಣಿಯೂ ಇರಲಿ ಎನ್ನುವವರಿಗೆ ಒಂದು ಮಾತು. ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಇಸ್ರೇಲಿನ ಕೆಲವು ಮಕ್ಕಳಿಗೆ ಬರೀ ಟಿಪ್ಪಣಿ, ಕೆಲವರಿಗೆ ಬರೀ ಅಂಕ, ಇನ್ನು ಕೆಲವರಿಗೆ ಎರಡೂ ಸಿಕ್ಕಿತ್ತು. ಟಿಪ್ಪಣಿ ಮಾತ್ರ ಪಡೆದವರ ಆಸಕ್ತಿ, ಕೆಲಸ ಎರಡೂ ಮೇಲಾದವು. ಅಂಕದ ಜೊತೆಗೆ ಟಿಪ್ಪಣಿ ಪಡೆದವರಿಗೆ ಆ ಲಾಭ ಸಿಗಲಿಲ್ಲ. ನನಗಿದು ಆಶ್ಚರ್ಯವೆನಿಸಲಿಲ್ಲ. 25ಕ್ಕೆ 11 ಎಂದು ಕಂಡ ಹುಡುಗ ಅದರ ಕೆಳಗಿನ ಸಾಲು ಓದುವುದಿಲ್ಲ; ಪಕ್ಕದವನ ಹಾಳೆಗೆ ಇಣುಕುತ್ತಾನೆ. ‘ಗುಡ್’, ‘ಇನ್ನೂ ಓದಬೇಕು’ ಎಂಬ ಷರಾಗಳನ್ನು ಟಿಪ್ಪಣಿ ಎಂದು ಕರೆಯಲು ನಾನು ಸಿದ್ಧನಿಲ್ಲ. ‘ಎರಡರಿಂದ ಏಳು ಹೋಗದಿದ್ದಾಗ ಹತ್ತು ಎಲ್ಲಿಂದ ತರುತ್ತೀಯ? ತೋರಿಸು’ ಎನ್ನುವುದು ಟಿಪ್ಪಣಿ.

ನಮ್ಮ ಜಗಳ ಮಾತ್ರ ನಡೆದದ್ದು ಪರೀಕ್ಷೆಯ ಬಗ್ಗೆ. 2024ರ ಮಾರ್ಚ್‌ನಲ್ಲಿ 5, 8, 9ನೇ ತರಗತಿಯ ಮಕ್ಕಳ ಬೋರ್ಡ್ ಮಟ್ಟದ ಪರೀಕ್ಷೆ ಹೈಕೋರ್ಟಿನ ಏಕಸದಸ್ಯ ಪೀಠ, ವಿಭಾಗೀಯ ಪೀಠಗಳನ್ನು ಹಾದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ತಡೆ ಬಿತ್ತು. ಕಾನೂನಿನ ತಕರಾರು ನ್ಯಾಯವಾದದ್ದೇ. ಆದರೆ ಪ್ರಶ್ನೆಪತ್ರಿಕೆ ಯಾರು ತಯಾರಿಸಬೇಕು, ಯಾರು ತಿದ್ದಬೇಕು ಎಂದು ತಿಂಗಳುಗಟ್ಟಲೆ ಕಿತ್ತಾಡಿದ ನಾವು, ಅಷ್ಟು ಮಕ್ಕಳು ಅಷ್ಟು ಹಾಳೆಗಳಲ್ಲಿ ಎಲ್ಲಿ ಎಡವಿದ್ದರು, ಅದು ಅವರ ಮೇಷ್ಟ್ರಿಗೆ ತಿಳಿಯಿತೇ ಎಂದು ಕೇಳಲಿಲ್ಲ.

ಪೋಷಕರಲ್ಲಿ ಒಂದು ವಿನಂತಿ. ಮುಂದಿನ ಸಲ ಎಫ್‌ಎ ಹಾಳೆ ಮನೆಗೆ ಬಂದಾಗ ಅಂಕದ ಮೇಲೆ ಬೆರಳಿಟ್ಟು ಮುಚ್ಚಿ, ತಪ್ಪಾದ ಒಂದು ಲೆಕ್ಕವನ್ನು ಹೇಗೆ ಮಾಡಿದೆ ಎಂದು ಮಗುವನ್ನೇ ಕೇಳಿ. ಅದು ಹೇಳಿದ್ದನ್ನು ಶಾಲೆಯ ಪೋಷಕರ ಸಭೆಯಲ್ಲಿ ಮೇಷ್ಟ್ರಿಗೆ ಹೇಳಿ.